ಆಟ ನಮ್ಮದು, ಅಂಗಳ ಯಾರದು?

2016ರ ಆಗಸ್ಟ್ 6 ಮತ್ತು 7ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದ ಹಾಲಿವುಡ್ ಭಾಗದಲ್ಲಿ, ವೈನ್ ಸ್ಟ್ರೀಟಿನ ಅವಲಾನ್ ಎಂಬ ಹಳೆಯ ನಾಟಕಶಾಲೆಯಲ್ಲಿ, ಒಂದು ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಎಂಟು ತಂಡಗಳು, ಆಟಕ್ಕೆ ಇಳಿಯುವಾಗ ಒಂದೊಂದು ತಂಡದಲ್ಲಿ ಮೂವರು. ಅವರು ಆಡಿದ್ದು ರಾಕೆಟ್ ಲೀಗ್ ಎಂಬ ವಿಡಿಯೋ ಗೇಮ್. ಸರಳವಾಗಿ ಹೇಳುವುದಾದರೆ ಕಾರುಗಳು ಆಡುವ ಫುಟ್‌ಬಾಲ್. ಒಂದೊಂದು ಬದಿಗೆ ಮೂರು ಕಾರು, ನಡುವೆ ಕಾರಿಗಿಂತ ದೊಡ್ಡ ಚೆಂಡು, ಐದು ನಿಮಿಷದ ಆಟ. ಹಿಂಬದಿಯಲ್ಲಿ ರಾಕೆಟ್ ಉರಿಸಿಕೊಂಡು ಕಾರು ಗಾಳಿಗೆ ಹಾರಬೇಕು, ಚೆಂಡಿಗೆ ಡಿಕ್ಕಿ ಹೊಡೆದು ಗೋಲು ಹಾಕಬೇಕು. ಅಮೆರಿಕದ ಐಬೈಪವರ್ ಕಾಸ್ಮಿಕ್ ತಂಡ ಯುರೋಪಿನ ಫ್ಲಿಪ್‌ಸೈಡ್ ಟ್ಯಾಕ್ಟಿಕ್ಸ್ ತಂಡವನ್ನು ಸೋಲಿಸಿ ಮೊದಲ ಚಾಂಪಿಯನ್ ಆಯಿತು. ಆ ಫೈನಲ್ಸ್‌ನ ಒಟ್ಟು ಬಹುಮಾನ 55,000 ಡಾಲರ್. ಆಟವನ್ನು ತಯಾರಿಸಿದ ಸಯೋನಿಕ್ಸ್ ಕಂಪನಿ ಅಲ್ಲಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕಿರುವ ಸ್ಯಾನ್ ಡಿಯಾಗೋ ನಗರದ್ದು.

ಹಾಲಿವುಡ್‌ನ ಈ ಸಂಗತಿ ಗಲ್ಫ್ ಕನ್ನಡಿಗರ ವಾರ್ಷಿಕ ಸಂಚಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ರಜೆಯ ದಿನ ಊರಿಗೆ ಫೋನ್ ಮಾಡಿದರೆ ಮಗ ಮಾತಿಗೆ ಸಿಗುವುದಿಲ್ಲ, "ಅವನು ಮ್ಯಾಚ್‌ನಲ್ಲಿದ್ದಾನೆ, ಈಗ ಬಿಟ್ಟರೆ ಸೋಲುತ್ತಾನಂತೆ" ಎಂದು ಮನೆಯವರು ಹೇಳುತ್ತಾರೆ. ಇದು ನಮ್ಮಲ್ಲಿ ಹಲವರಿಗೆ ಗೊತ್ತಿರುವ ಉತ್ತರ. ಸ್ವಲ್ಪ ದೊಡ್ಡವನಾದ ಹುಡುಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಇದರಲ್ಲಿ ಲಕ್ಷಗಟ್ಟಲೆ ಸಂಬಳ ಇದೆ, ನಾನು ಇದನ್ನೇ ಮಾಡುತ್ತೇನೆ" ಅನ್ನುತ್ತಾನೆ. ಇದು ಆಟವೋ, ಚಟವೋ, ಉದ್ಯೋಗವೋ ಎಂದು ತಿಳಿಯದೆ ನಾವು ಒಂದೋ ಬೈಯುತ್ತೇವೆ, ಇಲ್ಲವೇ ಸುಮ್ಮನಾಗುತ್ತೇವೆ.

ಬೈಯುವ ಮುನ್ನ ಇದರ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು. ಏಕೆಂದರೆ ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು ನಾಲ್ಕು: ವೀಸಾ, ಕರಾರು, ಸಂಬಳ, ಕಂಪನಿ ಮುಚ್ಚುವುದು. ಈ ನಾಲ್ಕರ ಬಗ್ಗೆ ಗಲ್ಫಿನಲ್ಲಿ ಹತ್ತು ವರ್ಷ ಕಳೆದ ಯಾರಿಗೂ ಪಾಠ ಬೇಕಾಗಿಲ್ಲ.

ಸ್ಯಾನ್ ಡಿಯಾಗೋದ ಹಾವು

ಈ ಕಥೆ ಸ್ಯಾನ್ ಡಿಯಾಗೋದಲ್ಲಿ ರಾಕೆಟ್ ಲೀಗಿಗಿಂತ ನಲವತ್ತು ವರ್ಷ ಹಿಂದೆ ಹೋಗುತ್ತದೆ. 1976ರಲ್ಲಿ ಅಲ್ಲಿನ ಗ್ರೆಮ್ಲಿನ್ ಇಂಡಸ್ಟ್ರೀಸ್ ಎಂಬ ಕಂಪನಿ 'ಬ್ಲಾಕೇಡ್' ಎಂಬ ನಾಣ್ಯ ಹಾಕಿ ಆಡುವ ಯಂತ್ರವನ್ನು ತಯಾರಿಸಿತು. ಇಬ್ಬರು ಆಡುವ ಆಟ. ಇಬ್ಬರೂ ಪರದೆಯ ಮೇಲೆ ಸಾಗುತ್ತಲೇ ಇರಬೇಕು. ಸಾಗಿದ ಹಾದಿ ಗೋಡೆಯಾಗಿ ಹಿಂದೆ ಉಳಿಯುತ್ತದೆ. ಯಾರು ಮೊದಲು ಗೋಡೆಗೆ ಡಿಕ್ಕಿ ಹೊಡೆಯುತ್ತಾರೋ ಅವರು ಸೋತರು.

ಈ ವಿವರಣೆ ಓದುತ್ತಿದ್ದಂತೆ ನಮ್ಮ ವಯಸ್ಸಿನವರಿಗೆ ಒಂದು ಹಾವು ನೆನಪಾಗಬೇಕು. 1997ರ ಕೊನೆಗೆ ನೋಕಿಯಾ 6110 ಫೋನಿನ ಜೊತೆ ಬಂದ 'ಸ್ನೇಕ್' ಆಟ ಇದೇ ವಂಶದ್ದು. ಆಮೇಲೆ 3310ರಲ್ಲಿ, 1100ರಲ್ಲಿ ಅದೇ ಹಾವು ಇನ್ನಷ್ಟು ಉದ್ದವಾಯಿತು. ಕ್ಯಾಂಪಿನ ಮೇಲಿನ ಮಂಚದಲ್ಲಿ ಮಲಗಿ, ಸೈಟಿಗೆ ಹೋಗುವ ಬಸ್ಸಿನಲ್ಲಿ ಕುಳಿತು, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ನಾವೆಲ್ಲ ಆ ಹಾವನ್ನು ಬೆಳೆಸಿದವರೇ. ರೂಮಿನಲ್ಲಿ ಯಾರ ಸ್ಕೋರು ಹೆಚ್ಚು ಎಂಬ ಪೈಪೋಟಿಯೂ ಇತ್ತು. ಆ ಪೈಪೋಟಿಗೆ ಹೆಸರು ಇರಲಿಲ್ಲ, ಅಷ್ಟೇ.

ಬ್ಲಾಕೇಡ್ ಬಂದ ಸ್ವಲ್ಪ ಕಾಲದಲ್ಲೇ ಬೇರೆ ಕಂಪನಿಗಳೂ ಅದೇ ಬಗೆಯ ಆಟಗಳನ್ನು ಮಾರಾಟಕ್ಕೆ ತಂದವು. 1978ರಲ್ಲಿ ಗ್ರೆಮ್ಲಿನ್ ಕಂಪನಿಯನ್ನು ಸೆಗಾ ಕೊಂಡುಕೊಂಡಿತು. ಕಂಪನಿ ಕೈ ಬದಲಾದರೂ ಆಟ ಸಾಯಲಿಲ್ಲ, ಯಾರು ಬೇಕಾದರೂ ಅದನ್ನು ಮತ್ತೆ ಕಟ್ಟಬಹುದಾಗಿತ್ತು. ನೋಕಿಯಾ ಫೋನಿನ ಹಾವು ಯಾವ ಕಂಪನಿಯ ಅಪ್ಪಣೆಯನ್ನೂ ಕೇಳದೆ, ಇಂಟರ್‌ನೆಟ್ ಇಲ್ಲದೆ, ಚಾರ್ಜ್ ಇರುವಷ್ಟು ಹೊತ್ತು ಓಡುತ್ತಿತ್ತು. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಿ. ಈಗಿನ ಆಟಗಳು ಹಾಗಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

'ವಿಶ್ವ' ಎಂಬ ಮಾತು

ವಿಡಿಯೋ ಗೇಮ್ ಪಂದ್ಯಗಳು ಹುಟ್ಟಿದ್ದೂ ಕ್ಯಾಲಿಫೋರ್ನಿಯದಲ್ಲೇ. 1972ರ ಅಕ್ಟೋಬರ್ 19ರಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 'ಸ್ಪೇಸ್‌ವಾರ್' ಆಟದ ಪಂದ್ಯ ನಡೆಯಿತು. ಗೆದ್ದವರಿಗೆ ಬಹುಮಾನ ಒಂದು ಪತ್ರಿಕೆಯ ಒಂದು ವರ್ಷದ ಚಂದಾ. 1980ರಲ್ಲಿ ಅಟಾರಿ ಕಂಪನಿ ಅಮೆರಿಕದಾದ್ಯಂತ 'ಸ್ಪೇಸ್ ಇನ್ವೇಡರ್ಸ್' ಪಂದ್ಯಾವಳಿ ನಡೆಸಿದಾಗ ಭಾಗವಹಿಸಿದವರು ಹತ್ತು ಸಾವಿರಕ್ಕೂ ಹೆಚ್ಚು. ಲಾಸ್ ಏಂಜಲೀಸ್ ವಲಯದಲ್ಲಿ ಗೆದ್ದು, ನ್ಯೂಯಾರ್ಕಿನ ಅಂತಿಮ ಸುತ್ತಿನಲ್ಲೂ ಗೆದ್ದವರು ರೆಬೆಕ್ಕಾ ಹೈನೆಮನ್. ಆಗ ಅವರಿನ್ನೂ ಹದಿಹರೆಯದವರು. ಅವರು ಆಡುವುದರಲ್ಲೇ ನಿಲ್ಲದೆ ಪ್ರೋಗ್ರಾಂ ಬರೆಯಲು ಕಲಿತರು. 1983ರಲ್ಲಿ ಇಂಟರ್‌ಪ್ಲೇ ಎಂಬ ಗೇಮ್ ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದರು. ಆಟ ಗೆದ್ದವರು ಕೆಲಸ ಕಲಿತು ಬದುಕಿದ ಮೊದಲ ಉದಾಹರಣೆಗಳಲ್ಲಿ ಇದೊಂದು.

'ವಿಶ್ವ ಚಾಂಪಿಯನ್‌ಶಿಪ್' ಎಂಬ ದೊಡ್ಡ ಹೆಸರು ಲಾಸ್ ಏಂಜಲೀಸಿಗೆ ಬಂದದ್ದು 1990ರಲ್ಲಿ. ಆ ವರ್ಷ ನಿಂಟೆಂಡೋ ಕಂಪನಿ 29 ನಗರಗಳಲ್ಲಿ ಪಂದ್ಯ ನಡೆಸಿ, ಡಿಸೆಂಬರಿನಲ್ಲಿ ಯುನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್‌ನಲ್ಲಿ ಅಂತಿಮ ಸುತ್ತು ಇಟ್ಟಿತು. ಒಬ್ಬೊಬ್ಬರಿಗೆ ಸಿಕ್ಕ ಸಮಯ 6 ನಿಮಿಷ 21 ಸೆಕೆಂಡು. ಅಷ್ಟರಲ್ಲಿ ಸೂಪರ್ ಮಾರಿಯೋದಲ್ಲಿ 50 ನಾಣ್ಯ ಕೂಡಿಸಿ, ಕಾರ್ ರೇಸ್ ಒಂದನ್ನು ಮುಗಿಸಿ, ಉಳಿದ ಸಮಯವೆಲ್ಲ ಟೆಟ್ರಿಸ್ ಆಡಬೇಕು. ಮೂರು ವಯೋಮಾನಗಳಿಗೆ ಮೂವರು ಚಾಂಪಿಯನ್ನರು. ಅವರಿಗೆ 10,000 ಡಾಲರ್ ಬಾಂಡು, ಕಾರು, ಟಿವಿ, ಬಂಗಾರದ ಬಣ್ಣದ ಮಾರಿಯೋ ಮೂರ್ತಿ.

ಹೆಸರು 'ವಿಶ್ವ', ಆದರೆ ಆ 29 ನಗರಗಳೂ ಅಮೆರಿಕದವೇ. ಕಂಪನಿ ತನ್ನ ಸರಕು ಎಲ್ಲೆಲ್ಲಿ ಹೆಚ್ಚು ಮಾರುತ್ತದೋ ಅಷ್ಟನ್ನು ವಿಶ್ವ ಎಂದು ಕರೆಯಿತು. ಮಕ್ಕಳು ನಿಜವಾಗಿ ಚೆನ್ನಾಗಿಯೇ ಆಡಿದರು, ಬಹುಮಾನವೂ ನಿಜ. ಆದರೆ ಪಂದ್ಯದ ಮೂಲ ಉದ್ದೇಶ ಜಾಹೀರಾತು. ಈ ಎರಡು ಮಾತೂ ಏಕಕಾಲಕ್ಕೆ ಸತ್ಯ ಎಂಬುದನ್ನು ಒಪ್ಪಿಕೊಂಡರೆ ಮುಂದಿನ ಚರಿತ್ರೆ ಸುಲಭವಾಗಿ ಅರ್ಥವಾಗುತ್ತದೆ.

ತಂತಿ ಕಡಿದ ಶನಿವಾರ

2012ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನಲ್ಲಿ 'ಲೀಗ್ ಆಫ್ ಲೆಜೆಂಡ್ಸ್' ಆಟದ ಎರಡನೇ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಇದರ ಒಡೆಯರು ಅದೇ ನಗರದ ರಯಟ್ ಗೇಮ್ಸ್ ಕಂಪನಿ. ಈ ಹೊತ್ತಿಗೆ ವಿಶ್ವ ಎಂಬ ಮಾತಿಗೆ ಸ್ವಲ್ಪ ಅರ್ಥ ಬಂದಿತ್ತು. ಚೀನಾ, ಕೊರಿಯಾ, ತೈವಾನ್, ಯುರೋಪ್, ಅಮೆರಿಕಗಳಿಂದ ತಂಡಗಳು ಬಂದಿದ್ದವು. ಒಟ್ಟು ಬಹುಮಾನ 20 ಲಕ್ಷ ಡಾಲರ್, ಗೆದ್ದ ತಂಡಕ್ಕೆ 10 ಲಕ್ಷ.

ಅಕ್ಟೋಬರ್ 6ರ ಶನಿವಾರ, ಕ್ವಾರ್ಟರ್ ಫೈನಲ್ ಹಂತದಲ್ಲಿ ಇಂಟರ್‌ನೆಟ್ ಕೈಕೊಟ್ಟಿತು. ಚೀನಾದ ಒಂದು ತಂಡ ಮತ್ತು ಯುರೋಪಿನ ಒಂದು ತಂಡದ ನಡುವಿನ ಪಂದ್ಯ ಶುರುವಾಗುವುದು, ಸಂಪರ್ಕ ಕಡಿಯುವುದು, ಮತ್ತೆ ಶುರುವಾಗುವುದು, ಹೀಗೆಯೇ ಗಂಟೆಗಟ್ಟಲೆ ನಡೆಯಿತು. ಕೊನೆಗೆ ಕಂಪನಿ ಆ ದಿನದ ಆಟ ನಿಲ್ಲಿಸಿ ಕೆಲವು ದಿನಗಳ ನಂತರ ಬೇರೆ ಸ್ಥಳದಲ್ಲಿ ಮುಗಿಸಬೇಕಾಯಿತು. ಹತ್ತೂ ಆಟಗಾರರು ಒಂದೇ ವೇದಿಕೆಯಲ್ಲಿ, ಮಾತಾಡಿದರೆ ಕೇಳುವಷ್ಟು ಹತ್ತಿರ ಕುಳಿತಿದ್ದರು. ಕಂಪ್ಯೂಟರುಗಳೂ ಸರಿಯಾಗಿದ್ದವು. ಆದರೂ ಆಡಲು ಆಗಲಿಲ್ಲ, ಏಕೆಂದರೆ ಆಟ ನಡೆಯುವುದು ಅವರ ಕಂಪ್ಯೂಟರಿನಲ್ಲಲ್ಲ, ಕಂಪನಿಯ ಸರ್ವರಿನಲ್ಲಿ. ನೋಕಿಯಾದ ಹಾವಿಗೂ ಈ ಆಟಕ್ಕೂ ಇರುವ ವ್ಯತ್ಯಾಸ ಇದೇ.

ಆ ಚಾಂಪಿಯನ್‌ಶಿಪ್ಪನ್ನು ಅಕ್ಟೋಬರ್ 13ರಂದು ಗೇಲನ್ ಸೆಂಟರಿನಲ್ಲಿ ತೈವಾನಿನ ತೈಪೆ ಅಸ್ಸಾಸಿನ್ಸ್ ತಂಡ ಗೆದ್ದಿತು. ಮರುವರ್ಷ, 2013ರ ಅಕ್ಟೋಬರ್ 4ರಂದು, ಫೈನಲ್ ನಡೆದದ್ದು ಬಾಸ್ಕೆಟ್‌ಬಾಲ್ ಆಟಕ್ಕೆ ಹೆಸರಾದ ಸ್ಟೇಪಲ್ಸ್ ಸೆಂಟರಿನಲ್ಲಿ. ಗೆದ್ದ ಕೊರಿಯಾದ ತಂಡದಲ್ಲಿ 17 ವರ್ಷದ ಒಬ್ಬ ಹುಡುಗನಿದ್ದ. ಹೆಸರು ಲೀ ಸಾಂಗ್-ಹ್ಯೋಕ್, ಆಟದ ಹೆಸರು ಫೇಕರ್. 2016ರಲ್ಲಿ ಅದೇ ಸ್ಟೇಪಲ್ಸ್ ಸೆಂಟರಿನಲ್ಲಿ ಅವನ ತಂಡ ಮತ್ತೆ ಗೆದ್ದಾಗ ಒಟ್ಟು ಬಹುಮಾನ 50 ಲಕ್ಷ ಡಾಲರ್ ದಾಟಿತ್ತು. ಅದೇ ವರ್ಷ, ಅದೇ ನಗರದಲ್ಲಿ, ಸುಮಾರು ಮೂರು ತಿಂಗಳ ಹಿಂದೆ ರಾಕೆಟ್ ಲೀಗಿನ ಬಹುಮಾನ 55,000 ಡಾಲರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಎರಡಕ್ಕೂ ಹೆಸರು ವಿಶ್ವ ಚಾಂಪಿಯನ್‌ಶಿಪ್ಪೇ.

ವೀಸಾದಲ್ಲಿ ಬರೆದ ವೃತ್ತಿ

ನಮ್ಮ ಓದುಗರು ಗಮನಿಸಬೇಕಾದ ಘಟನೆ 2013ರ ಮಧ್ಯಭಾಗದಲ್ಲಿ ನಡೆಯಿತು. ಆ ವರ್ಷ ರಯಟ್ ಗೇಮ್ಸ್ ಲಾಸ್ ಏಂಜಲೀಸಿನಲ್ಲಿ ವರ್ಷಪೂರ್ತಿ ನಡೆಯುವ ಲೀಗ್ ಶುರು ಮಾಡಿತ್ತು. ಪಂದ್ಯಗಳೆಲ್ಲ ಅಲ್ಲಿಯೇ ಆದ್ದರಿಂದ ತಂಡಗಳು ಅಲ್ಲಿಯೇ ನೆಲೆಸಬೇಕು, ಆಟಗಾರರಿಗೆ ಸಂಬಳ ಕೊಡಬೇಕು. ಹೊರದೇಶದ ಹುಡುಗನಿಗೆ ಸಂಬಳ ಕೊಡಬೇಕಾದರೆ ಕೆಲಸದ ವೀಸಾ ಬೇಕು. ಯಾವ ಕೆಲಸ ಎಂದು ಬರೆಯುವುದು? ಕುಳಿತು ಆಟ ಆಡುತ್ತಾನೆ ಎಂದರೆ ವೀಸಾ ಅಧಿಕಾರಿ ಒಪ್ಪುತ್ತಾನೆಯೇ?

ಅಮೆರಿಕದಲ್ಲಿ ಅಂತರರಾಷ್ಟ್ರೀಯ ಮಟ್ಟದ ಕ್ರೀಡಾಪಟುಗಳಿಗೆಂದು ಪಿ-1 ಎಂಬ ವೀಸಾ ವರ್ಗವಿದೆ. ಬೇಸ್‌ಬಾಲ್, ಐಸ್ ಹಾಕಿ ಆಟಗಾರರು ಅದರಲ್ಲಿ ಬರುತ್ತಾರೆ. ಕಂಪನಿ ವಾದಿಸಿ, ದಾಖಲೆ ಕೊಟ್ಟು, ತನ್ನ ಲೀಗಿನ ಆಟಗಾರರೂ ಅದೇ ವರ್ಗಕ್ಕೆ ಸೇರುತ್ತಾರೆ ಎಂದು ಒಪ್ಪಿಸಿತು. ಆ ವರ್ಷ ಕೆನಡಾದ ಒಬ್ಬ ಲೀಗ್ ಆಫ್ ಲೆಜೆಂಡ್ಸ್ ಆಟಗಾರನಿಗೆ ಕ್ರೀಡಾಪಟುವಿನ ವೀಸಾ ಸಿಕ್ಕಿತು. ಇ-ಸ್ಪೋರ್ಟ್ಸ್ ಕ್ರೀಡೆ ಹೌದೋ ಅಲ್ಲವೋ ಎಂದು ಜಗತ್ತೆಲ್ಲ ಚರ್ಚೆ ಮಾಡುತ್ತಿರುವಾಗ ಅದನ್ನು ಕಾಗದದ ಮೇಲೆ ಒಪ್ಪಿಕೊಂಡದ್ದು ವೀಸಾ ಕಚೇರಿ.

ಗಲ್ಫಿನಲ್ಲಿರುವ ನಮಗೆ ಇದರ ಬೆಲೆ ಗೊತ್ತು. ನಮ್ಮ ಕಾರ್ಡಿನ 'ವೃತ್ತಿ' ಕಾಲಮ್ಮಿನಲ್ಲಿ ಏನು ಬರೆದಿದೆಯೋ ಸರ್ಕಾರದ ಕಣ್ಣಿಗೆ ನಾವು ಅದೇ. ನುರಿತ ಎಲೆಕ್ಟ್ರಿಷಿಯನ್ನಿನ ಕಾರ್ಡಿನಲ್ಲಿ ಬರೀ ಕೂಲಿ ಎಂದು ಇರುತ್ತದೆ, ಹೆಂಡತಿಗೆ ಫ್ಯಾಮಿಲಿ ವೀಸಾ ಕೇಳಲು ಹೋದಾಗ ಅದರ ನೋವು ತಿಳಿಯುತ್ತದೆ. ಕೆಲಸಕ್ಕೆ ಸರಿಯಾದ ಹೆಸರು ಸಿಗುವುದು ಸಣ್ಣ ವಿಷಯವಲ್ಲ. ಪಿ-1 ವೀಸಾದ ಇನ್ನೊಂದು ಮುಖವೂ ನಮಗೆ ಪರಿಚಿತವೇ. ಅದಕ್ಕೆ ಅರ್ಜಿ ಹಾಕುವುದು ಆಟಗಾರನಲ್ಲ, ಅವನನ್ನು ಕರೆಸಿಕೊಳ್ಳುವ ಸಂಸ್ಥೆ. ತಂಡ ಬದಲಾದರೆ ಹೊಸ ಸಂಸ್ಥೆ ಹೊಸ ಅರ್ಜಿ ಹಾಕಬೇಕು. ಕಫೀಲ್ ಎಂಬ ಪದ ಅಲ್ಲಿಲ್ಲ, ಆದರೆ ಕಾಗದ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಅಲ್ಲೂ ಇದೆ.

ಬಂದ ಆಟಗಾರರ ವಾಸವೂ ನಮ್ಮ ಬ್ಯಾಚುಲರ್ ರೂಮಿನ ಹಾಗೆಯೇ. ತಂಡದವರು ಒಂದು ಬಾಡಿಗೆ ಮನೆ ಹಿಡಿಯುತ್ತಿದ್ದರು, ಅದಕ್ಕೆ ಗೇಮಿಂಗ್ ಹೌಸ್ ಎಂದು ಹೆಸರು. ಐವರು ಆಟಗಾರರು, ಮ್ಯಾನೇಜರು, ಕೋಚು ಒಂದೇ ಸೂರಿನಡಿ. ಮಲಗುವುದು, ಊಟ, ಅಭ್ಯಾಸ ಎಲ್ಲವೂ ಅಲ್ಲಿಯೇ. ಕೆಲಸ ಯಾವಾಗ ಮುಗಿಯಿತು, ವಿಶ್ರಾಂತಿ ಯಾವಾಗ ಶುರುವಾಯಿತು ಎಂಬ ಗೆರೆ ಇಲ್ಲ. ಮನೆಯ ಈಜುಕೊಳದ ಫೋಟೋ ನೋಡಿ ಹೊಟ್ಟೆಕಿಚ್ಚು ಪಡುವವರಿಗೆ ಆ ಹುಡುಗರು ದಿನಕ್ಕೆ ಎಷ್ಟು ಗಂಟೆ ಕುರ್ಚಿಯಲ್ಲಿ ಕಳೆಯುತ್ತಿದ್ದರು ಎಂಬುದು ಫೋಟೋದಲ್ಲಿ ಕಾಣುವುದಿಲ್ಲ.

ಔಷಧದ ಕಪಾಟಿನ ಬಳಿ ಕೆಲಸ ಮಾಡುವ ನಾವು ಇನ್ನೊಂದು ಮಾತು ಸೇರಿಸಲೇಬೇಕು. 2015ರ ಜುಲೈಯಲ್ಲಿ ಒಬ್ಬ ವೃತ್ತಿಪರ ಆಟಗಾರ, ತನ್ನ ತಂಡದವರು ಒಂದು ದೊಡ್ಡ ಪಂದ್ಯದಲ್ಲಿ ಅಡೆರಾಲ್ ಮಾತ್ರೆ ತಿಂದು ಆಡಿದ್ದರು ಎಂದು ಬಹಿರಂಗವಾಗಿ ಹೇಳಿದ. ಅದು ಆಂಫೆಟಮಿನ್ ವರ್ಗದ ಔಷಧ. ಗಮನ ನಿಲ್ಲದ ತೊಂದರೆ ಇರುವ ರೋಗಿಗಳಿಗೆ ವೈದ್ಯರು ಅಳೆದು ಕೊಡುವಂಥದ್ದು. ಆರೋಗ್ಯವಂತನೊಬ್ಬ ನಿದ್ದೆಗೆಟ್ಟು ಆಡಲು ಅದನ್ನು ನುಂಗಿದರೆ ಎದೆಬಡಿತ, ರಕ್ತದೊತ್ತಡ ಏರುತ್ತವೆ, ಹಸಿವು ನಿದ್ದೆ ಎರಡೂ ಹೋಗುತ್ತವೆ, ಅಭ್ಯಾಸವೂ ಅಂಟಿಕೊಳ್ಳುತ್ತದೆ. ಅದೇ ವರ್ಷ ಆಗಸ್ಟಿನಲ್ಲಿ ಜರ್ಮನಿಯ ಕಲೋನ್ ನಗರದ ಪಂದ್ಯಾವಳಿಯಲ್ಲಿ ಇಎಸ್ಎಲ್ ಸಂಸ್ಥೆ ಡೋಪಿಂಗ್ ಪರೀಕ್ಷೆ ಆರಂಭಿಸಿತು. ಗಲ್ಫ್ ದೇಶಗಳಲ್ಲಿ ಈ ವರ್ಗದ ಮಾತ್ರೆಗಳ ಮೇಲೆ ಕಾನೂನು ಬಹಳ ಬಿಗಿ. "ಏಕಾಗ್ರತೆಗೆ ಒಳ್ಳೆಯದು" ಎಂದು ಯಾರೋ ಕೊಟ್ಟ ಮಾತ್ರೆ ಮಗನ ಬ್ಯಾಗಿನಲ್ಲಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಆಟದ ಮಾತು ಅಲ್ಲಿಗೇ ಮುಗಿಯುತ್ತದೆ.

ಗುತ್ತಿಗೆ ಕೆಲಸದಿಂದ ಮೇಲೆ ಬಂದ ಕಂಪನಿ

ಈಗ ಮತ್ತೆ ಸ್ಯಾನ್ ಡಿಯಾಗೋದ ಸಯೋನಿಕ್ಸಿಗೆ ಬರೋಣ. ಈ ಕಂಪನಿ ಬಹುಕಾಲ ಮಾಡಿದ್ದು ಗುತ್ತಿಗೆ ಕೆಲಸ. ಗೇರ್ಸ್ ಆಫ್ ವಾರ್, ಮಾಸ್ ಎಫೆಕ್ಟ್ 3ರಂಥ ದೊಡ್ಡವರ ಆಟಗಳಲ್ಲಿ ಒಂದೊಂದು ಭಾಗ ಮಾಡಿಕೊಡುವುದು, ಬಂದ ಹಣದಲ್ಲಿ ನೌಕರರಿಗೆ ಸಂಬಳ ಕೊಡುವುದು. 2008ರಲ್ಲಿ ಕಾರು-ಫುಟ್‌ಬಾಲಿನ ಮೊದಲ ಆವೃತ್ತಿಯನ್ನು ಬಹಳ ಉದ್ದನೆಯ ಹೆಸರಿನಲ್ಲಿ ತಂದರು, ಅದು ಅಷ್ಟಾಗಿ ಓಡಲಿಲ್ಲ. ಮತ್ತೆ ಗುತ್ತಿಗೆ ಕೆಲಸ. 2015ರ ಜುಲೈ 7ರಂದು ಅದೇ ಆಟವನ್ನು ತಿದ್ದಿ ತೀಡಿ ರಾಕೆಟ್ ಲೀಗ್ ಎಂಬ ಚಿಕ್ಕ ಹೆಸರಿನಲ್ಲಿ ತಂದಾಗ, ಪ್ಲೇಸ್ಟೇಷನ್ ಚಂದಾದಾರರಿಗೆ ಮೊದಲ ತಿಂಗಳು ಉಚಿತವಾಗಿ ಕೊಟ್ಟರು. ಜನ ಮುಗಿಬಿದ್ದು ಸರ್ವರುಗಳು ತಡೆದುಕೊಳ್ಳಲಾರದೆ ಹೋದವು. ವರ್ಷದೊಳಗೆ ಟ್ವಿಚ್ ಸಂಸ್ಥೆಯ ಜೊತೆ ಸೇರಿ ಚಾಂಪಿಯನ್‌ಶಿಪ್ ಘೋಷಿಸಿದರು. ಅವಲಾನಿನ ಪಂದ್ಯ ಅದರ ಮೊದಲ ಋತುವಿನ ಕೊನೆ.

2017ರ ಜೂನ್ 2ರಿಂದ 4ರವರೆಗೆ ಮೂರನೇ ಋತುವಿನ ಫೈನಲ್ಸ್ ಮತ್ತೆ ಲಾಸ್ ಏಂಜಲೀಸಿನಲ್ಲೇ ನಡೆಯಿತು. ಬಹುಮಾನ 3 ಲಕ್ಷ ಡಾಲರಿಗೆ ಏರಿತ್ತು, ಗೆದ್ದವರು ಯುರೋಪಿನ ನಾರ್ದರ್ನ್ ಗೇಮಿಂಗ್. ಸ್ಥಳ ಏಸ್ ಹೋಟೆಲಿನ ಚಿತ್ರಮಂದಿರ. ಈ ಚಿತ್ರಮಂದಿರಕ್ಕೆ ತನ್ನದೇ ಕಥೆಯಿದೆ. 1919ರಲ್ಲಿ ಚಾರ್ಲಿ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ನಿರ್ದೇಶಕ ಗ್ರಿಫಿತ್ ನಾಲ್ವರೂ ಸೇರಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಕಂಪನಿ ಕಟ್ಟಿದರು. ಚಿತ್ರದ ಯಜಮಾನಿಕೆ ಸ್ಟುಡಿಯೋ ಮಾಲೀಕರ ಕೈಯಲ್ಲಿರದೆ ಕಲಾವಿದರ ಕೈಯಲ್ಲೇ ಇರಬೇಕು ಎಂಬುದು ಅವರ ಉದ್ದೇಶ. 1927ರಲ್ಲಿ ಆ ಕಂಪನಿಗಾಗಿ ಕಟ್ಟಿದ್ದೇ ಈ ಚಿತ್ರಮಂದಿರ. ತೊಂಬತ್ತು ವರ್ಷಗಳ ನಂತರ ಅದೇ ವೇದಿಕೆಯ ಮೇಲೆ ಕುಳಿತು ಆಡಿದ ಹುಡುಗರಲ್ಲಿ ಒಬ್ಬನಿಗೂ ತಾನು ಆಡುವ ಆಟದ ಮೇಲೆ ಹಕ್ಕಿರಲಿಲ್ಲ.

ಹಕ್ಕಿಲ್ಲ ಎಂದರೇನು? ನಮ್ಮ ಕರಾವಳಿಯ ಯಕ್ಷಗಾನದ ಉದಾಹರಣೆ ತೆಗೆದುಕೊಳ್ಳಿ. ಮೇಳದ ಯಜಮಾನ ತಿರುಗಾಟ ನಿಲ್ಲಿಸಿದರೆ ವೇಷಧಾರಿಗೆ ಆ ವರ್ಷ ಕಷ್ಟವೇ. ಆದರೆ ಅವನು ಇನ್ನೊಂದು ಮೇಳಕ್ಕೆ ಹೋಗಬಹುದು, ಊರವರು ಸೇರಿ ಬಯಲಲ್ಲಿ ರಂಗಸ್ಥಳ ಹಾಕಿದರೆ ಅಲ್ಲಿ ಕುಣಿಯಬಹುದು. ಕುಣಿತ, ಮಾತು, ಪುರಾಣದ ಕಥೆ ಯಾವ ಯಜಮಾನನ ಆಸ್ತಿಯೂ ಅಲ್ಲ. ಕಬಡ್ಡಿಗೂ ಕ್ರಿಕೆಟಿಗೂ ಇದೇ ಮಾತು. ಇಲ್ಲಿನ ಮರಳಿನ ಪಾರ್ಕಿಂಗ್ ಜಾಗದಲ್ಲಿ ಗೆರೆ ಎಳೆದು ನಾವು ಕ್ರಿಕೆಟ್ ಆಡುವಾಗ ಯಾರ ಅಪ್ಪಣೆಯನ್ನೂ ಕೇಳಿಲ್ಲ. ವಿಡಿಯೋ ಗೇಮಿನಲ್ಲಿ ಚೆಂಡು, ಅಂಗಳ, ನಿಯಮ, ಅಂಪೈರು ಎಲ್ಲವೂ ಒಂದೇ ಕಂಪನಿಯ ಆಸ್ತಿ. ಅದು ಮನಸ್ಸು ಬದಲಿಸಿದರೆ ಆಟಗಾರ ಹತ್ತು ವರ್ಷ ಕಲಿತ ಕೈಚಳಕಕ್ಕೆ ಅಂಗಳವೇ ಇಲ್ಲ.

ಸಯೋನಿಕ್ಸಿನ ಅಂಗಳವೂ ಕೈ ಬದಲಾಯಿತು. 2019ರ ಮೇ ತಿಂಗಳಲ್ಲಿ ಎಪಿಕ್ ಗೇಮ್ಸ್ ಆ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು, 2020ರಲ್ಲಿ ಆಟ ಎಲ್ಲರಿಗೂ ಉಚಿತವಾಯಿತು. 2023ರ ಏಪ್ರಿಲಿನಲ್ಲಿ ತವರಾದ ಸ್ಯಾನ್ ಡಿಯಾಗೋದ ಪೆಚಾಂಗಾ ಅರೀನಾದಲ್ಲಿ ಆ ಋತುವಿನ ದೊಡ್ಡ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಪಿಕ್ ಕಂಪನಿ ಸುಮಾರು 830 ನೌಕರರನ್ನು ಒಮ್ಮೆಲೇ ಕೆಲಸದಿಂದ ತೆಗೆಯಿತು. ರಾಕೆಟ್ ಲೀಗ್ ಉಳಿದುಕೊಂಡಿತು. ಸ್ಯಾನ್ ಡಿಯಾಗೋದ ಇನ್ನೊಂದು ಆಟ ಅಷ್ಟು ಅದೃಷ್ಟದ್ದಲ್ಲ. ಡೇಬ್ರೇಕ್ ಕಂಪನಿಯ 'ಎಚ್1ಝಡ್1' ಆಟಕ್ಕೆ 2018ರಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರ ಲೀಗ್ ಶುರುವಾಯಿತು. ಆಟಗಾರರಿಗೆ ಕನಿಷ್ಠ ಸಂಬಳದ ಭರವಸೆಯೂ ಇತ್ತು. ಅದೇ ವರ್ಷದೊಳಗೆ ಲೀಗ್ ನಿಂತುಹೋಯಿತು, ಬರಬೇಕಾದ ಹಣ ಬರಲಿಲ್ಲ ಎಂದು ತಂಡಗಳವರು ದೂರಿದರು.

ಆ ಆಟದ ಹೆಸರು ನಮ್ಮ ಮಕ್ಕಳಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಅದಕ್ಕೆ ಸಲಹೆಗಾರನಾಗಿ ಕೆಲಸ ಮಾಡಿದ ಬ್ರೆಂಡನ್ ಗ್ರೀನ್ ಆಮೇಲೆ ಕೊರಿಯಾದ ಕಂಪನಿಯೊಂದರ ಜೊತೆ ಸೇರಿ 2017ರಲ್ಲಿ ಮಾಡಿದ ಆಟದ ಹೆಸರು ಎಲ್ಲರಿಗೂ ಗೊತ್ತು: ಪಬ್‌ಜಿ.

ನಮ್ಮ ಊರು, ನಮ್ಮ ಗಲ್ಫ್

ಪಬ್‌ಜಿ ಮೊಬೈಲ್ ಮೂಲಕವೇ ಇ-ಸ್ಪೋರ್ಟ್ಸ್ ನಮ್ಮ ಹಳ್ಳಿಗಳಿಗೆ ತಲುಪಿತು. ದುಬಾರಿ ಕಂಪ್ಯೂಟರ್ ಬೇಡ, ಅಪ್ಪ ಗಲ್ಫಿನಿಂದ ಕಳಿಸಿದ ಫೋನ್ ಸಾಕು. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತಕ್ಕೆಂದೇ ಹೊಸ ಆವೃತ್ತಿ ಬಂತು. 2022ರ ಜುಲೈಯಲ್ಲಿ ಅದೂ ಬಂದ್ ಆಯಿತು. 2023ರ ಮೇಯಲ್ಲಿ ಮತ್ತೆ ತೆರೆಯಿತು. ನಿಷೇಧಕ್ಕೆ ಸರ್ಕಾರದ ಕಾರಣಗಳು ಸರ್ಕಾರಕ್ಕೆ. ನಾವು ಇಲ್ಲಿ ನೋಡಬೇಕಾದದ್ದು ಅದನ್ನೇ ವೃತ್ತಿ ಮಾಡಿಕೊಂಡಿದ್ದ ಹುಡುಗರ ಸ್ಥಿತಿ. ಅವರ ಕೈಚಳಕ ಎಲ್ಲೂ ಹೋಗಿರಲಿಲ್ಲ, ಅಂಗಳಕ್ಕೆ ಬೀಗ ಬಿದ್ದಿತ್ತು.

ಇನ್ನೊಂದೆಡೆ ಗೌರವವೂ ಬಂತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿದ್ದಾಗ ಗುಜರಾತಿನ ತೀರ್ಥ್ ಮೆಹ್ತಾ ಕಂಚು ಗೆದ್ದರು. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು.

ನಮ್ಮ ಸುತ್ತಲಿನ ಮರಳುನಾಡು ಈ ಚರಿತ್ರೆಗೆ ತಡವಾಗಿ ಸೇರಿದರೂ ಜೋರಾಗಿಯೇ ಸೇರಿದೆ. ಅವಲಾನಿನಲ್ಲಿ 2016ರಲ್ಲಿ ಇದ್ದದ್ದು ಉತ್ತರ ಅಮೆರಿಕ ಮತ್ತು ಯುರೋಪಿನ ತಂಡಗಳು ಮಾತ್ರ. ರಾಕೆಟ್ ಲೀಗಿನ 'ವಿಶ್ವ'ಕ್ಕೆ ಮಧ್ಯಪ್ರಾಚ್ಯ ಒಂದು ವಲಯವಾಗಿ ಸೇರಿದ್ದು 2021-22ರ ಋತುವಿನಲ್ಲಿ. ಇದಕ್ಕೆ ದೂರವೂ ಒಂದು ಕಾರಣ. ದುಬೈಯಿಂದ ಲಾಸ್ ಏಂಜಲೀಸಿಗೆ ಸುಮಾರು 13,400 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರಲು ಏನಿಲ್ಲವೆಂದರೂ ಸೆಕೆಂಡಿನ ಏಳನೇ ಒಂದು ಪಾಲಿನಷ್ಟು ಹೊತ್ತು ಬೇಕು. ಊರಿಗೆ ವಿಡಿಯೋ ಕಾಲ್ ಮಾಡಿದಾಗ ಮಾತು ಒಂದು ಗಳಿಗೆ ತಡವಾದರೆ ನಾವು ಸಹಿಸುತ್ತೇವೆ. ಹಾರುವ ಚೆಂಡಿಗೆ ಗುರಿಯಿಡುವವನಿಗೆ ಅಷ್ಟು ತಡವಾದರೆ ಗೋಲು ಹೋಯಿತು. ಹತ್ತಿರದಲ್ಲಿ ಸರ್ವರ್, ಹತ್ತಿರದಲ್ಲಿ ಪಂದ್ಯ ಸಿಕ್ಕ ಮೇಲೆ ಇಲ್ಲಿನ ಹುಡುಗರ ಯೋಗ್ಯತೆ ಜಗತ್ತಿಗೆ ಕಂಡಿತು. 2025ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಫೈನಲ್ ಆಡಿದ ಎರಡು ತಂಡಗಳಲ್ಲಿ ಒಂದು ಸೌದಿಯ ಟೀಂ ಫಾಲ್ಕನ್ಸ್. ರಿಯಾದಿನಲ್ಲಿ 2024ರಲ್ಲಿ ಶುರುವಾದ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್ಪಿನ ಒಟ್ಟು ಬಹುಮಾನ ಮೊದಲ ವರ್ಷ 6 ಕೋಟಿ ಡಾಲರ್, ಎರಡನೇ ವರ್ಷ 7 ಕೋಟಿ ಡಾಲರ್ ದಾಟಿತು. ಲಾಸ್ ಏಂಜಲೀಸಿಗೆ ಹೋಗಬೇಕಾಗಿದ್ದ ಜಾತ್ರೆ ನಮ್ಮ ಬಾಗಿಲಿಗೇ ಬಂದಿದೆ.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಮಗ "ನಾನು ಇದನ್ನೇ ಮಾಡುತ್ತೇನೆ" ಅಂದಾಗ ಏನು ಹೇಳುವುದು?

ಮೊದಲು, ಅವನು ಆಡುತ್ತಿರುವುದು ಯಾವುದು ಎಂದು ತಿಳಿಯಬೇಕು. ಕೌಶಲದ ಪಂದ್ಯ ಬೇರೆ, ಹಣ ಕಟ್ಟಿ ಆಡುವ ರಮ್ಮಿಯಂಥ ಆಟ ಬೇರೆ. ಕರ್ನಾಟಕ ಸರ್ಕಾರ 2021ರ ಅಕ್ಟೋಬರಿನಲ್ಲಿ ಆನ್‌ಲೈನ್ ಬಾಜಿ ಆಟಗಳ ವಿರುದ್ಧ ಕಾಯ್ದೆ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ: ಹಣ ಕಟ್ಟಿ ಆಡುವ ಆನ್‌ಲೈನ್ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸಿಗೆ ಮಾನ್ಯತೆ. ನಾವು ಕಳಿಸಿದ ಹಣ ಮನೆಯ ಖಾತೆಯಿಂದ ಹತ್ತು ರೂಪಾಯಿ, ನೂರು ರೂಪಾಯಿಯ ಲೆಕ್ಕದಲ್ಲಿ ಸೋರುತ್ತಿದ್ದರೆ ಅದು ವಿಶ್ವ ಚಾಂಪಿಯನ್‌ಶಿಪ್ಪಿನ ದಾರಿಯಲ್ಲ.

ನಿಜವಾಗಿಯೂ ಅವನು ಪಂದ್ಯದ ಆಟಗಾರನಾಗಿದ್ದು, ಯಾವುದೋ ತಂಡ ಕರೆಯುತ್ತಿದೆ ಎಂದಾದರೆ, ನಾವು ಮೊದಲ ಬಾರಿ ವಿಮಾನ ಹತ್ತುವಾಗ ನಮ್ಮ ಹಿರಿಯರು ಏಜೆಂಟನಿಗೆ ಕೇಳಿದ ಪ್ರಶ್ನೆಗಳನ್ನೇ ಕೇಳೋಣ. ಸಂಬಳ ಎಷ್ಟು, ಕೊಡುವವರು ಯಾರು? ಕರಾರು ಬರಹದಲ್ಲಿದೆಯೇ, ಎಷ್ಟು ವರ್ಷಕ್ಕೆ? ಗೆದ್ದ ಬಹುಮಾನದಲ್ಲಿ ತಂಡದ ಪಾಲೆಷ್ಟು, ಹುಡುಗನ ಪಾಲೆಷ್ಟು? ವಸತಿ, ಊಟ, ಚಿಕಿತ್ಸೆಯ ಖರ್ಚು ಯಾರದು? ಆಟವನ್ನು ಕಂಪನಿ ನಿಲ್ಲಿಸಿದರೆ, ಸರ್ಕಾರ ನಿಷೇಧಿಸಿದರೆ, ಮಣಿಕಟ್ಟು ನೋವು ಬಂದು ಕೂರಲು ಆಗದಿದ್ದರೆ ಮುಂದೇನು? ಹೈನೆಮನ್ ಅವರಂತೆ ಆಟದ ಜೊತೆ ಬೇರೆ ಕೆಲಸವನ್ನೂ ಕಲಿಯುತ್ತಿದ್ದಾನೆಯೇ?

ಫೇಕರ್ ಎಂಬ ಆ 17ರ ಹುಡುಗ 2025ರಲ್ಲಿ, 29ನೇ ವಯಸ್ಸಿನಲ್ಲಿ, ಆರನೇ ಬಾರಿ ವಿಶ್ವ ಚಾಂಪಿಯನ್ ತಂಡದಲ್ಲಿದ್ದ. ಮಕ್ಕಳು ತೋರಿಸುವುದು ಅವನ ಚಿತ್ರವನ್ನೇ. ನಮ್ಮೂರಿನಿಂದ ಗಲ್ಫಿಗೆ ಬಂದವರಲ್ಲೂ ದೊಡ್ಡ ಉದ್ಯಮಿಯಾದ ಒಬ್ಬರ ಚಿತ್ರ ಎಲ್ಲರ ಮನೆಯಲ್ಲೂ ಮಾತಿಗೆ ಬರುತ್ತದೆ. ಅವರ ಜೊತೆ ಅದೇ ವರ್ಷ ಬಂದ ಉಳಿದವರ ಮಾತು ಯಾರೂ ಎತ್ತುವುದಿಲ್ಲ. ಆ ಉಳಿದವರಲ್ಲಿ ಹೆಚ್ಚಿನವರು ಸೋತವರಲ್ಲ. ಕರಾರು ಓದಿ ಸಹಿ ಹಾಕಿದವರು, ಕಂಪನಿ ಮುಚ್ಚಿದಾಗ ಕೈಯಲ್ಲಿ ಇನ್ನೊಂದು ಕೆಲಸ ಇದ್ದವರು, ತಿಂಗಳು ತಿಂಗಳು ಮನೆಗೆ ಹಣ ಕಳಿಸಿದವರು. ಆಟವಾಡಲು ಹೊರಟ ಮಕ್ಕಳಿಗೆ ಈ ಜನರ ಅನುಭವವನ್ನು ಹೇಳಿಕೊಡಲು ನಮಗಿಂತ ಯೋಗ್ಯರು ಯಾರಿದ್ದಾರೆ? ಮುಂದಿನ ಸಲ ಮಗ ಮ್ಯಾಚ್ ಮುಗಿಸಿ ಫೋನಿಗೆ ಬಂದಾಗ "ಗೆದ್ದೆಯಾ?" ಎಂದು ಕೇಳೋಣ. ಆಮೇಲೆ, "ಆ ಅಂಗಳ ಯಾರದು ಮಗಾ?" ಎಂದೂ ಕೇಳೋಣ.